ಕುಲಕರ್ತವ್ಯವೋ, ಜಮೀನಿನ ಲೆಕ್ಕವೋ?

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವೊಂದು ಸಂಘದ ಸದಸ್ಯರಲ್ಲಿ ಸಾಕಷ್ಟು ಚರ್ಚೆಗೆ ಕಾರಣವಾಯಿತಷ್ಟೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ (1837–1901) ಆಂಗ್ಲ ಪ್ರಭುಕುಲಗಳ ವಿವಾಹವು ವಧೂವರರ ಇಚ್ಛೆಗೆ ಬಿಟ್ಟ ವಿಷಯವಾಗಿರಲಿಲ್ಲವೆಂದೂ, ಅನುರಾಗವನ್ನು ಕುಲಕರ್ತವ್ಯಕ್ಕೆ ಅಧೀನಗೊಳಿಸಿದುದರಿಂದಲೇ ಆ ಮನೆತನಗಳು ಬಾಳಿ ಉಳಿದುವೆಂದೂ, ಪ್ರೇಮವಿವಾಹವು ಇಂಗ್ಲಿಷ್ ಕಾದಂಬರಿಕಾರರ ಸೃಷ್ಟಿಯೇ ಹೊರತು ಇಂಗ್ಲೆಂಡಿನ ಆಚಾರವಲ್ಲವೆಂದೂ, ಅವರನ್ನು ನೋಡಿಯಾದರೂ ನಮ್ಮ ಮನೆಗಳ ಹೆಣ್ಣುಮಕ್ಕಳು ಹಿರಿಯರ ಮಾತಿಗೆ ತಲೆಬಾಗುವುದನ್ನು ಕಲಿಯತಕ್ಕದ್ದೆಂದೂ ಲೇಖಕ ಮಹಾಶಯರು ಪ್ರತಿಪಾದಿಸಿರುವರು.

ಲೇಖಕರು ವಿದ್ವಾಂಸರು, ನನ್ನ ಗೌರವಕ್ಕೆ ಪಾತ್ರರಾದವರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಉರುಹಚ್ಚಿ, ಆಮೇಲೆ ಮೂರು ದಶಕಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನ್ನಂತಹವನು ಈ ವಾದಕ್ಕೆ ತಲೆದೂಗುವನೆಂದು ಅನೇಕರು ಎಣಿಸಿದ್ದರು. ಇಬ್ಬರು ಮಿತ್ರರು ಮನೆಗೇ ಬಂದು, “ಮೇಷ್ಟ್ರೇ, ನಿಮ್ಮ ಪಕ್ಷವನ್ನೇ ಹಿಡಿದು ಬರೆದಿದ್ದಾರಲ್ಲ!” ಎಂದು ಅಭಿನಂದಿಸಿ, ಕಾಫಿ ಕುಡಿದು ಹೋದರು. ಅದು ನನ್ನ ಪಕ್ಷವಲ್ಲ. ಕರ್ತವ್ಯವೆಂಬ ಮಾತಿನಲ್ಲಿ ನನಗೆ ಗೌರವವಿರುವುದರಿಂದಲೇ ಅದನ್ನು ಇಷ್ಟು ಅಗ್ಗವಾಗಿ ಮಾರುವುದನ್ನು ಕಂಡು ಸುಮ್ಮನಿರಲಾರದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಲೇಖಕರು ‘ಕುಲ’ವೆಂದು ಕರೆದುದು ಇಂಗ್ಲೆಂಡಿನಲ್ಲಿ ಯಾವ ವಸ್ತು ಎಂಬುದನ್ನು ಮೊದಲು ನೋಡೋಣ. ಅಲ್ಲಿಯ ಪ್ರಭುಗಳ ಸಂಪತ್ತೆಲ್ಲ ಭೂಮಿ. ಆ ಭೂಮಿ ಮಕ್ಕಳಲ್ಲಿ ಹಂಚಿಹೋಗಕೂಡದೆಂದು ಅವರು ‘ಸೆಟ್ಲ್‌ಮೆಂಟ್’ ಎಂಬ ಪತ್ರವೊಂದನ್ನು ಕಲ್ಪಿಸಿಕೊಂಡಿದ್ದರು. ಅದರ ಪ್ರಕಾರ ಜಹಗೀರಿನ ಒಡೆಯನೆನಿಸಿಕೊಂಡವನಿಗೆ ಇದ್ದುದು ಜೀವಾವಧಿಯ ಅನುಭೋಗದ ಹಕ್ಕು ಮಾತ್ರ, ಮಾರುವ ಅಧಿಕಾರವಿಲ್ಲ. ಅವನ ತರುವಾಯ ಅದು ಹಿರಿಯ ಮಗನಿಗೆ ಸಲ್ಲತಕ್ಕದ್ದು. ಹಿರಿಯ ಮಗನಿಗೆ 21 ವರ್ಷ ತುಂಬಿದಾಗಲೋ ಅವನ ವಿವಾಹಕಾಲದಲ್ಲಿಯೋ ತಂದೆ ಮಗನನ್ನು ಕರೆದು, ವರ್ಷಕ್ಕೆ ಇಷ್ಟೆಂದು ಹಣ ಗೊತ್ತುಮಾಡಿ, ಪತ್ರವನ್ನು ಹೊಸದಾಗಿ ಬರೆಸಿ ರುಜು ಹಾಕಿಸಿಕೊಳ್ಳುತ್ತಿದ್ದನು. ಹೀಗೆ ಗಂಟು ಸಡಿಲವಾಗುವ ಹೊತ್ತಿಗೆ ಮತ್ತೊಂದು ತಲೆಮಾರಿಗೆ ಬಿಗಿಯಾಗುತ್ತಿತ್ತು. ಸೊಸೆ ತರುವ ಹಣವೆಷ್ಟು, ಅವಳ ಕೈಖರ್ಚಿಗೆ ವರ್ಷಕ್ಕೆ ಎಷ್ಟು, ಗಂಡ ಸತ್ತರೆ ಅವಳ ಜೀವನಾಂಶವೆಷ್ಟು, ಕಿರಿಯ ಮಕ್ಕಳಿಗೆ ಜಮೀನಿನ ಮೇಲೆ ಸಾಲವಾಗಿ ಹೊರಿಸತಕ್ಕ ಪಾಲೆಷ್ಟು—ಇವೆಲ್ಲವನ್ನೂ ಎರಡು ಕಡೆಯ ವಕೀಲರು ವಿವಾಹಕ್ಕೆ ಮುಂಚೆಯೇ ಕುಳಿತು ತೀರ್ಮಾನಿಸುತ್ತಿದ್ದರು. 1882ರಲ್ಲಿ ಪಾರ್ಲಿಮೆಂಟು ಸೆಟ್ಲ್ಡ್ ಲ್ಯಾಂಡ್ ಕಾಯಿದೆಯನ್ನು ಮಾಡಿ ಅನುಭೋಗದಾರನಿಗೆ ಜಮೀನನ್ನು ಮಾರುವ ಅಧಿಕಾರ ಕೊಡುವವರೆಗೆ ಈ ಏರ್ಪಾಡು ನಡೆಯಿತು. ಕೊಟ್ಟ ಮೇಲೂ ಅದರ ನೆರಳು ಹೋಗಲಿಲ್ಲ.

ಆದುದರಿಂದ ಅಲ್ಲಿಯ ಹುಡುಗಿಗೆ ‘ಕುಲಕ್ಕಾಗಿ ನಿನ್ನ ಇಚ್ಛೆಯನ್ನು ಬಿಡು’ ಎಂದಾಗ ಅದರ ತಾತ್ಪರ್ಯ ‘ಈ ಪತ್ರದ ಲೆಕ್ಕ ಸರಿಹೋಗುವಂತೆ ಮಾಡು’ ಎಂಬುದಲ್ಲದೆ ಬೇರೆಯಲ್ಲ. ಇದನ್ನು ಕರ್ತವ್ಯವೆನ್ನಬಹುದೇ? ನಮ್ಮ ಶಾಸ್ತ್ರದಲ್ಲಿ ಕರ್ತವ್ಯವು ಋಣದಿಂದ ಹುಟ್ಟುವುದು. ದೇವಋಣ, ಋಷಿಋಣ, ಪಿತೃಋಣ ಎಂದಾಗ ಪಡೆದವನು ತೀರಿಸುತ್ತಾನೆ. ಪಾಣಿಗ್ರಹಣದ ಸಮಯದಲ್ಲಿ ಧರ್ಮಾರ್ಥಕಾಮಗಳಲ್ಲಿ ಇವಳನ್ನು ಮೀರಿ ನಡೆಯೆನೆಂದು ಮಾತು ಕೊಡತಕ್ಕವನು ವರ. ಆಂಗ್ಲರ ಚರ್ಚಿನ ವಿಧಿಯಲ್ಲಿಯೂ ವರನು ತನ್ನ ಐಹಿಕ ಸಂಪತ್ತನ್ನೆಲ್ಲ ವಧುವಿಗೆ ಅರ್ಪಿಸುವುದಾಗಿ ನುಡಿಯಬೇಕು. ಆದರೆ ಚರ್ಚಿನ ಹೊಸ್ತಿಲು ದಾಟಿದೊಡನೆ ಅಲ್ಲಿಯ ನ್ಯಾಯವು ತಲೆಕೆಳಗಾಗುತ್ತಿತ್ತು. ವಧುವಿನ ಚರಸೊತ್ತು, ಅವಳು ದುಡಿದ ಹಣ, ಎಲ್ಲವೂ ಗಂಡನದು. ಅವಳು ಹೆತ್ತ ಮಕ್ಕಳ ಮೇಲೆಯೂ ಅವನ ಅಧಿಕಾರವೇ. ಶ್ರೀಮಂತರ ಹೆಣ್ಣುಮಕ್ಕಳಿಗೆ ತಂದೆಯ ವಕೀಲರು ಟ್ರಸ್ಟಿಗಳನ್ನಿಟ್ಟು ಸ್ವಲ್ಪ ಹಣವನ್ನು ಕಾಪಾಡುತ್ತಿದ್ದುದುಂಟು; ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೂ ವಕೀಲರನ್ನು ಗೊತ್ತುಮಾಡುವಷ್ಟು ಶ್ರೀಮಂತಿಕೆ ಬೇಕಾಗಿತ್ತು. ಸಾಮಾನ್ಯ ಕಾಯಿದೆಯೇ ವಿವಾಹಿತೆಗೆ ಅವಳ ಸೊತ್ತನ್ನು ಉಳಿಸಿಕೊಟ್ಟದ್ದು 1870ರಲ್ಲಿ ಅರ್ಧಂಬರ್ಧ, 1882ರಲ್ಲಿ ಬಹುಮಟ್ಟಿಗೆ.

ಲೇಖಕರು ಒಂದು ಉದಾಹರಣೆಯನ್ನೂ ಹೆಸರಿಟ್ಟು ಹೇಳಿಲ್ಲ. ನಾನು ಹೇಳುತ್ತೇನೆ.

ಮಾರ್ಲ್‌ಬರೋ ಡ್ಯೂಕರ ಮನೆತನದ ಬ್ಲೆನ್‌ಹೈಮ್ ಅರಮನೆಯ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. 1704ರ ಯುದ್ಧದ ವಿಜಯಕ್ಕಾಗಿ ದೇಶವು ಮೊದಲನೆಯ ಡ್ಯೂಕನಿಗೆ ಕೊಟ್ಟ ಬಹುಮಾನವದು. ಮಳೆ ಬಂದರೆ ಅದರ ಮಾಡು ದುರಸ್ತಿಮಾಡಿಸಲು ಒಂದು ಸಣ್ಣ ಸಂಸ್ಥಾನದ ಆದಾಯ ಬೇಕು. 1870ರ ದಶಕದ ಕೊನೆಯಿಂದ ಅಮೆರಿಕದ ಗೋಧಿ ಹಡಗುಗಟ್ಟಲೆ ಬಂದು ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ಇಳಿಯಿತು. ಬೆಲೆಯೊಡನೆ ಗೇಣಿಯೂ ಇಳಿಯಿತು. ಏಳನೆಯ ಡ್ಯೂಕನು 1875ರಲ್ಲಿ ರತ್ನಶಿಲ್ಪಗಳ ಸಂಗ್ರಹವನ್ನು ಮಾರಿದನು. 1880ರಲ್ಲಿ ಪಾರ್ಲಿಮೆಂಟಿನಿಂದ ವಿಶೇಷ ಕಾಯಿದೆ ಮಾಡಿಸಿಕೊಂಡು ಸಂಡರ್‌ಲ್ಯಾಂಡ್ ಗ್ರಂಥಭಂಡಾರವನ್ನು ಹರಾಜಿಗಿಟ್ಟನು. ಎಂಟನೆಯವನು ಚಿತ್ರಗಳಿಗೆ ಕೈಯಿಕ್ಕಿದನು. ರಾಫಾಯೆಲನ ಮೇರಿಮಾತೆಯ ಚಿತ್ರವೊಂದು 1885ರಲ್ಲಿ 70,000 ಪೌಂಡಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಯಿತು. ಒಂಬತ್ತನೆಯ ಡ್ಯೂಕನು ಪಟ್ಟಕ್ಕೆ ಬರುವಷ್ಟರಲ್ಲಿ ಮನೆಯಲ್ಲಿ ಮಾರತಕ್ಕದ್ದು ಹೆಚ್ಚೇನೂ ಉಳಿದಿರಲಿಲ್ಲ, ಡ್ಯೂಕನೆಂಬ ಬಿರುದೊಂದರ ಹೊರತು.

ಆ ಬಿರುದನ್ನು ಕೊಳ್ಳಲು ನ್ಯೂಯಾರ್ಕಿನಲ್ಲಿ ಜನರಿದ್ದರು. ರೈಲ್ವೆಯಿಂದ ಕೋಟ್ಯಧೀಶರಾದ ವ್ಯಾಂಡರ್‌ಬಿಲ್ಟರ ಮಗಳು ಕಾನ್ಸುಯೆಲೊ ಆಗ 18 ವರ್ಷದವಳು. ವಿಂತ್ರಪ್ ರದರ್‌ಫರ್ಡ್ ಎಂಬ ತನ್ನ ನಾಡಿನ ತರುಣನಿಗೆ ಗುಟ್ಟಾಗಿ ಮಾತು ಕೊಟ್ಟಿದ್ದಳು. ತಾಯಿ ಆಲ್ವಾ ಇದನ್ನರಿತು ಮಗಳನ್ನು ಯೂರೋಪಿಗೆ ಕರೆದೊಯ್ದಳು, ಕಾಗದಗಳನ್ನು ತಡೆದಳು, ಹಿಂದಿರುಗಿದ ಮೇಲೆ ಸಮುದ್ರತೀರದ ಅಮೃತಶಿಲೆಯ ಮನೆಯಲ್ಲಿ ಕಾವಲಿನಲ್ಲಿಟ್ಟಳು. ಮಗಳು ಹಠ ಹಿಡಿದರೆ ತಾಯಿಯ ಹೃದಯ ನಿಂತುಹೋಗುವುದೆಂದು ಮನೆಯ ಆಪ್ತಳೊಬ್ಬಳಿಂದ ಹೇಳಿಸಿದಳು. ಹುಡುಗಿ ಸೋತಳು. 1895ನೆಯ ಇಸವಿ ನವೆಂಬರ್ 6ರಂದು ನ್ಯೂಯಾರ್ಕಿನ ಸೇಂಟ್ ಥಾಮಸ್ ಚರ್ಚಿನಲ್ಲಿ ವಿವಾಹ. ಅದಕ್ಕಾಗಿ ರೈಲ್ವೆ ಕಂಪೆನಿಯ 25 ಲಕ್ಷ ಡಾಲರುಗಳ ಷೇರುಗಳನ್ನು, ವರ್ಷಕ್ಕೆ ಶೇಕಡಾ 4ಕ್ಕೆ ಕಡಮೆಯಾಗದ ಆದಾಯದ ಭರವಸೆಯೊಡನೆ, ಪತ್ರದಲ್ಲಿ ಬರೆಯಲಾಯಿತು. ಅಂದರೆ ವರ್ಷಕ್ಕೆ ಒಂದು ಲಕ್ಷ ಡಾಲರು ಡ್ಯೂಕನ ಜೀವಾವಧಿಗೆ. ಮಾಡು ದುರಸ್ತಿಯಾಯಿತು.

ಮನುಸ್ಮೃತಿಯು ವಿವಾಹದಲ್ಲಿ ಎಂಟು ಭೇದಗಳನ್ನು ಹೇಳುವುದು. ಕನ್ಯೆಗೂ ಅವಳ ಬಂಧುಗಳಿಗೂ ಹಣವಿತ್ತು ಕನ್ಯೆಯನ್ನು ಕೊಳ್ಳುವುದಕ್ಕೆ ಆಸುರವೆಂದು ಹೆಸರಿಟ್ಟು ಹಳಿದಿರುವುದುಂಟು. ಹಣವಿತ್ತು ವರನನ್ನು ಕೊಳ್ಳುವ ಒಂಬತ್ತನೆಯದೊಂದನ್ನು ಹೆಸರಿಸಬೇಕೆಂದು ಸ್ಮೃತಿಕಾರನಿಗೆ ತೋರಲಿಲ್ಲ. ಅದು ನಮ್ಮ ಬೀದಿಗಳಲ್ಲಿ ಅಪರಿಚಿತವೆಂದು ಹೇಳುವ ಧೈರ್ಯ ನನಗಿಲ್ಲ. ಆ ಮಾತು ಇನ್ನೊಂದು ಸಂಚಿಕೆಗಿರಲಿ.

ಈ ಕಥೆಯಲ್ಲಿ ಡ್ಯೂಕನು ರಾಕ್ಷಸನಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಕಾನ್ಸುಯೆಲೊ ತನ್ನ ಮುಪ್ಪಿನಲ್ಲಿ, 1952ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಹೇಳಿರುವಂತೆ, ಅವನೂ ತಾನು ಪ್ರೀತಿಸಿದವಳನ್ನು ಬ್ಲೆನ್‌ಹೈಮಿಗಾಗಿ ತ್ಯಜಿಸಿ ಬಂದವನು. ಅದನ್ನು ವಿವಾಹವಾದ ಮೇಲೆ ಹೆಂಡತಿಗೆ ತಾನೇ ತಿಳಿಸಿದನು. ಹೀಗೆ ಇಬ್ಬರೂ ತ್ಯಾಗಿಗಳೇ. ನಮ್ಮ ಲೇಖಕರ ಮತದಂತೆ ಇದಕ್ಕಿಂತ ಪವಿತ್ರವಾದ ವಿವಾಹವಿರಲಾರದು! ಆದರೆ ಆ ತ್ಯಾಗ ಸಂದುದು ಯಾರಿಗೆ? ಪರಸ್ಪರರಿಗಲ್ಲ. ಹೊಸ ಸೊಸೆ ಮನೆಗೆ ಬಂದಾಗ ಡ್ಯೂಕನ ಅಜ್ಜಿ ಅವಳಿಗೆ ಉಪದೇಶಿಸಿದ ಮೊದಲ ಕರ್ತವ್ಯವೇನೆಂದರೆ, ಬೇಗನೆ ಒಂದು ಮಗುವನ್ನು ಹೆರತಕ್ಕದ್ದು, ಅದು ಗಂಡೇ ಆಗತಕ್ಕದ್ದು. ಇಲ್ಲವಾದರೆ ಆ ವಿನ್‌ಸ್ಟನ್ ಎಂಬ ಹುಡುಗ ಡ್ಯೂಕನಾಗಿಬಿಡುವನಲ್ಲ! ಆ ಹುಡುಗನೇ ಮುಂದೆ ಎರಡು ಬಾರಿ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್. 1897ರಲ್ಲಿ ಗಂಡುಮಗು ಹುಟ್ಟಿ ಅಜ್ಜಿಯ ಭಯವನ್ನು ನಿವಾರಿಸಿತು, ಮರುವರ್ಷ ಇನ್ನೊಂದು. ಸೊಸೆಯಿಂದ ಆಗಬೇಕಾದುದೆಲ್ಲ ಹೀಗೆ ಮೂರು ವರ್ಷದಲ್ಲಿ ಮುಗಿಯಿತು. 1906ರಲ್ಲಿ ದಂಪತಿಗಳು ಬೇರೆಯಾದರು, 1921ರಲ್ಲಿ ವಿಚ್ಛೇದನ.

1926ರ ಪ್ರಸಂಗವನ್ನು ಲೇಖಕ ಮಹಾಶಯರು ದಯವಿಟ್ಟು ಎರಡು ಬಾರಿ ಓದಬೇಕೆಂದು ಪ್ರಾರ್ಥಿಸುತ್ತೇನೆ. ಆ ವಿವಾಹವು ಮೊದಲಿನಿಂದಲೇ ವಿವಾಹವಾಗಿರಲಿಲ್ಲವೆಂದು ಕ್ಯಾಥೊಲಿಕ್ ಧರ್ಮಪೀಠದ ಎದುರು ಸಾಧಿಸಬೇಕಾಗಿ ಬಂದಾಗ ಸಾಕ್ಷಿ ಹೇಳಲು ಬಂದವಳು ಸ್ವತಃ ತಾಯಿ ಆಲ್ವಾ. ಮಗಳಿಗೆ ಆಗ ಇಚ್ಛೆಯೇ ಇರಲಿಲ್ಲ, ಬಲವಂತದಿಂದ ಒಪ್ಪಿಸಿದವಳು ನಾನೇ ಎಂದು ಆ ವೃದ್ಧೆ ಒಪ್ಪಿಕೊಂಡಳು. ಧರ್ಮಪೀಠವು ವಿವಾಹವನ್ನು ರದ್ದುಗೊಳಿಸಿತು. ಈ ಆಲ್ವಾ ಅಷ್ಟರಲ್ಲಿ ಅಮೆರಿಕದ ಸ್ತ್ರೀಯರಿಗೆ ಮತಾಧಿಕಾರ ದೊರಕಿಸುವ ಹೋರಾಟದ ಪ್ರಮುಖ ನಾಯಕಿಯರಲ್ಲೊಬ್ಬಳಾಗಿದ್ದಳು ಎಂಬುದು ವಿಚಿತ್ರ. ಕರ್ತವ್ಯವೆಂದು ಮಾಡಿಸಿದವಳೇ ಮೂವತ್ತು ವರ್ಷಗಳ ತರುವಾಯ ಅದನ್ನು ಬಲಾತ್ಕಾರವೆಂದು ಕರೆದ ಮೇಲೆ ನಮ್ಮ ಊರಿನಲ್ಲಿ ಕುಳಿತು ನಾವು ಅದನ್ನು ಧರ್ಮವೆಂದು ಕೊಂಡಾಡಬೇಕೇ?

ಇನ್ನು ಅನುರಾಗದ ಪಕ್ಷದವರಿಗೂ ಒಂದು ಮಾತು ಹೇಳದಿದ್ದರೆ ನನಗೆ ಪಕ್ಷಪಾತದೋಷ ತಟ್ಟುವುದು. ಇಂಗ್ಲಿಷ್ ಕಾದಂಬರಿಗಳನ್ನೋದಿ, ಪ್ರೀತಿಸಿ ಮದುವೆಯಾದರೆ ಸಾಕು, ಉಳಿದುದೆಲ್ಲ ತಾನಾಗಿ ಸರಿಹೋಗುವುದೆಂದು ನಂಬುವ ತರುಣರು ನಮ್ಮಲ್ಲಿ ಬಹಳ. ಅವರೂ ಲೇಖಕರೂ ಒಟ್ಟಿಗೆ ಕುಳಿತು ನೋಡಲೆಂದು ಎರಡು ವಿವಾಹಗಳನ್ನು ಪಕ್ಕಪಕ್ಕದಲ್ಲಿಡುತ್ತೇನೆ. ಎರಡೂ ನಡೆದುದು 1827ರಲ್ಲಿ, ವಿಕ್ಟೋರಿಯಾ ಪಟ್ಟಕ್ಕೆ ಬರುವ ಮುನ್ನ. ಆದರೆ ಅವುಗಳ ಫಲವನ್ನು ಉಂಡುದು ಅವಳ ಕಾಲದಲ್ಲಿ.

ಒಂದು, ನಾಟಕಕಾರ ಷೆರಿಡನ್ನನ ಮೊಮ್ಮಗಳು ಕ್ಯಾರೊಲಿನಳದು. ತಂದೆಯಿಲ್ಲದ, ಕೊಡಲು ಹಣವಿಲ್ಲದ ಮನೆ, ಹೆಣ್ಣುಮಕ್ಕಳು ಚೆಲುವೆಯರು. ಗ್ರಾಂಟ್ಲಿ ಪ್ರಭುವಿನ ತಮ್ಮ ಜಾರ್ಜ್ ನಾರ್ಟನ್ನನಿಗೆ ಅವಳನ್ನು ಕೊಟ್ಟರು. ಎರಡನೆಯದು, ಎಡ್ವರ್ಡ್ ಬುಲ್ವರ್ ಎಂಬ ತರುಣ ಸಾಹಿತಿಯದು. ರೊಸೀನಾ ಎಂಬ ಐರಿಷ್ ಯುವತಿಯಲ್ಲಿ ಮನಸ್ಸಿಟ್ಟು, ತಾಯಿಯ ಮಾತನ್ನು ಮೀರಿ, ಅವಳು ಕೊಡುತ್ತಿದ್ದ ವರ್ಷಾಶನವನ್ನೂ ಕಳೆದುಕೊಂಡು ಅವಳನ್ನು ವರಿಸಿದನು. ಮೊದಲನೆಯದು ಲೇಖಕರ ಪಕ್ಷದ ವಿವಾಹ. ಎರಡನೆಯದು ತರುಣರ ಪಕ್ಷದ್ದು. ಎರಡೂ ಮುರಿದುದು ಒಂದೇ ವರ್ಷ, 1836ರಲ್ಲಿ.

ಆಮೇಲೆ ನಡೆದುದೂ ಒಂದೇ. ನಾರ್ಟನ್ನನು ಹೆಂಡತಿಗೂ ಪ್ರಧಾನಿ ಮೆಲ್ಬೋರ್ನನಿಗೂ ಸಂಬಂಧ ಕಟ್ಟಿ 10,000 ಪೌಂಡಿನ ದಾವೆ ಹೂಡಿದನು. ಪಂಚಾಯತರು ಕುಳಿತಲ್ಲಿಂದ ಏಳದೆಯೇ ಪ್ರಧಾನಿಯ ಪರವಾಗಿ ತೀರ್ಪಿತ್ತರು. ಆ ದಾವೆಯಲ್ಲಿ ಕ್ಯಾರೊಲಿನಳು ಕಕ್ಷಿಯೇ ಅಲ್ಲ. ಮಾನ ಅವಳದು, ಮೊಕದ್ದಮೆ ಗಂಡಸರಿಬ್ಬರದು! ನಿರ್ದೋಷಿಯೆಂದಾದ ಮೇಲೂ ಮೂರು ಗಂಡುಮಕ್ಕಳನ್ನು ಗಂಡನು ಇಟ್ಟುಕೊಂಡನು. ಕಾಯಿದೆ ಅವನ ಕಡೆಗಿತ್ತು. ಅವಳು ಕರಪತ್ರಗಳನ್ನು ಬರೆದು ಪಾರ್ಲಿಮೆಂಟನ್ನು ಕಾಡಿದ್ದರಿಂದ 1839ರಲ್ಲಿ, ಏಳು ವರ್ಷದೊಳಗಿನ ಮಕ್ಕಳಿಗಾಗಿ ತಾಯಿಯೂ ನ್ಯಾಯಾಲಯವನ್ನು ಬೇಡಬಹುದೆಂಬ ಕಾಯಿದೆ ಬಂತು. 1842ರಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದು ಮಲಗಿದನು. ಸುದ್ದಿ ತಿಳಿದು ತಾಯಿ ಹೋಗಿ ಸೇರುವಷ್ಟರಲ್ಲಿ ಮಗುವಿಲ್ಲ. ಮುಂದೆ ಅವಳು ಪುಸ್ತಕ ಬರೆದು ಗಳಿಸಿದ ಹಣವೂ ತನ್ನದೆಂದು ಗಂಡನು ಹಕ್ಕು ಸಾಧಿಸಿದನು.

ರೊಸೀನಾಳ ಮಕ್ಕಳನ್ನೂ ಗಂಡನು ಅವಳಿಂದ ತೆಗೆಸಿದನು. ಬುಲ್ವರನು ವಸಾಹತುಗಳ ಮಂತ್ರಿಯಾಗಿದ್ದ 1858ರಲ್ಲಿ ಅವಳು ಚುನಾವಣೆಯ ಸಭೆಗೆ ಹೋಗಿ ಜನರೆದುರಿಗೆ ಅವನನ್ನು ನಿಂದಿಸಿದಳೆಂದು ಅವಳನ್ನು ಹುಚ್ಚರ ಮನೆಗೆ ಸೇರಿಸಿದರು. ಪತ್ರಿಕೆಗಳೂ ಜನರೂ ಕೂಗಾಡಿದ ಮೇಲೆ ಮೂರು ವಾರಗಳಲ್ಲಿ ಬಿಟ್ಟರು. ತಾಯಿಯಿಂದ ಹೀಗೆ ಕಿತ್ತುಕೊಂಡು ಬೆಳೆಸಿದ ಮಗನೇ ರಾಬರ್ಟ್ ಲಿಟ್ಟನ್, 1876ರಿಂದ 1880ರವರೆಗೆ ಇಂಡಿಯಾದ ವೈಸರಾಯ್. ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸೀಮೆಯ ಜನ ಸಾಯುತ್ತಿದ್ದಾಗ ಆಳುತ್ತಿದ್ದವನು. ಇದು ಪ್ರಾಸಂಗಿಕವಾಗಿ ಬಂದ ಮಾತು. ಮನೆಯ ಕಥೆಗೂ ರಾಜ್ಯದ ಕಥೆಗೂ ಕಾರ್ಯಕಾರಣ ಕಲ್ಪಿಸುವಷ್ಟು ದೊಡ್ಡ ಇತಿಹಾಸಜ್ಞ ನಾನಲ್ಲ.

ಹಿರಿಯರು ಮಾಡಿಸಿದ ವಿವಾಹದಲ್ಲಿಯೂ, ಹಿರಿಯರನ್ನು ಧಿಕ್ಕರಿಸಿದ ವಿವಾಹದಲ್ಲಿಯೂ ಹೆಣ್ಣಿನ ಕೈಗೆ ಬಂದುದು ಒಂದೇ ಎಂದಮೇಲೆ, ಪ್ರೇಮವೇ ಕರ್ತವ್ಯವೇ ಎಂಬ ಪ್ರಶ್ನೆಯಲ್ಲಿಯೇ ಏನೋ ಲೋಪವಿರಬೇಕು. ಒಬ್ಬರನ್ನು ಮಾತ್ರ ಕಟ್ಟುವ ಹಗ್ಗಕ್ಕೆ ಬಾಂಧವ್ಯವೆಂದು ಹೆಸರಿಟ್ಟದ್ದೇ ಆ ಲೋಪವೆಂದು ನನ್ನ ಎಣಿಕೆ. 1857ರ ವಿಚ್ಛೇದನದ ಕಾಯಿದೆಯನ್ನೇ ನೋಡಿರಿ. ಹೆಂಡತಿ ತಪ್ಪಿದಳೆಂದು ತೋರಿಸಿದರೆ ಗಂಡನಿಗೆ ಬಿಡುಗಡೆ. ಗಂಡ ತಪ್ಪಿದರೆ ಹೆಂಡತಿಯು ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದುದನ್ನೋ, ಅಂತಹ ಇನ್ನೊಂದು ಅಪರಾಧವನ್ನೋ ಸಾಧಿಸಬೇಕು. ಈ ಭೇದ 1923ರವರೆಗೂ ಉಳಿದಿತ್ತು. ವ್ರತಭಂಗಕ್ಕೆ ಎರಡು ತಕ್ಕಡಿಗಳನ್ನಿಟ್ಟುಕೊಂಡವರು ವ್ರತದ ಮಹಿಮೆಯನ್ನು ಬೋಧಿಸಿದರೆ ಯಾರು ಕೇಳಬೇಕು?

ಲೇಖಕರ ಪರವಾಗಿ ಹೇಳಬಹುದಾದ ಒಂದು ಪ್ರಸಂಗವನ್ನು, ಅವರು ಹೇಳದಿದ್ದರೂ, ನಾನೇ ಹೇಳಿಬಿಡುತ್ತೇನೆ. ಲೇಡಿ ಫ್ಲಾರೆನ್ಸ್ ಪ್ಯಾಜೆಟ್ ಎಂಬ ಸುಂದರಿಗೆ ಹೆನ್ರಿ ಚಾಪ್ಲಿನ್ ಎಂಬ ಸದ್ಗೃಹಸ್ಥನೊಡನೆ ನಿಶ್ಚಯವಾಗಿತ್ತು. 1864ರ ಜುಲೈಯಲ್ಲಿ ಅವಳು ಲಂಡನ್ನಿನ ಒಂದು ದೊಡ್ಡ ಬಟ್ಟೆಯಂಗಡಿಯ ಈ ಬಾಗಿಲಿಂದ ಹೊಕ್ಕು ಆ ಬಾಗಿಲಿಂದ ಹೊರಟು ಹೇಸ್ಟಿಂಗ್ಸ್ ಮಾರ್ಕ್ವಿಸನನ್ನು ಮದುವೆಯಾದಳೆಂದು ಪ್ರಸಿದ್ಧಿ. ಈ ಮಾರ್ಕ್ವಿಸನ ಅಜ್ಜನೇ ಪೇಶ್ವೆಯನ್ನಿಳಿಸಿದ ಗವರ್ನರ್ ಜನರಲ್; ನಮ್ಮ ಧಾರವಾಡದ ಸೀಮೆ ಕಂಪೆನಿಯ ಕೈಗೆ ಹೋದುದು ಅವನ ಕಾಲದಲ್ಲಿಯೇ. ಮೊಮ್ಮಗನಾದರೋ ಕುದುರೆಯ ಜೂಜುಗಾರ. 1867ರ ಡರ್ಬಿ ಪಂದ್ಯದಲ್ಲಿ ಚಾಪ್ಲಿನ್ನನ ಹರ್ಮಿಟ್ ಎಂಬ ಕುದುರೆ ಸೋಲುವುದೆಂದು ಪಣವೊಡ್ಡಿದನು. ಯಾರೂ ಲೆಕ್ಕಕ್ಕಿಡದಿದ್ದ ಆ ಕುದುರೆ ಗೆದ್ದಿತು; ಮಾರ್ಕ್ವಿಸನು ಸುಮಾರು 1,20,000 ಪೌಂಡುಗಳನ್ನು ಕಳೆದುಕೊಂಡು ಮರುವರ್ಷ 26ನೆಯ ವಯಸ್ಸಿನಲ್ಲಿ ತೀರಿಹೋದನು. ಮಕ್ಕಳಿಲ್ಲದೆ ಮಾರ್ಕ್ವಿಸನೆಂಬ ಬಿರುದೂ ಅಳಿಯಿತು. ಪ್ರೇಮದ ಫಲ ನೋಡಿದಿರಾ ಎಂದು ಲೇಖಕರು ಕೇಳಬಹುದು. ನೋಡಿದೆ. ಆದರೆ ಅಲ್ಲಿ ನನಗೆ ಕಾಣುವ ದೋಷ ಅವಳು ಪ್ರೀತಿಸಿದುದಲ್ಲ. ಮಾತು ಕೊಟ್ಟವನಿಗೆ ಮುಖಕ್ಕೆ ಮುಖ ಕೊಟ್ಟು ಇಲ್ಲವೆನ್ನದೆ ಹೋದುದು. ಚಾಪ್ಲಿನ್ನನಿಗೆ ಅವಳು ಋಣಿಯಾಗಿದ್ದಳು, ತೀರಿಸಲಿಲ್ಲ. ಅವನಾದರೋ ಸೋತ ಮಾರ್ಕ್ವಿಸನಿಗೆ ಹಣ ತೀರಿಸಲು ಅವಧಿ ಕೊಟ್ಟನು.

ಕರ್ತವ್ಯದಿಂದಲೇ ಸುಖ ಬಂದ ವಿವಾಹವೂ ಇದೆ. ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರನಿಗೆ ಟೆಕ್ ಮನೆತನದ ಮೇರಿಯನ್ನು 1891ರ ಡಿಸೆಂಬರಿನಲ್ಲಿ ನಿಶ್ಚಯಿಸಿದರು. ಆರು ವಾರಗಳಲ್ಲಿ ವರನು ಜ್ವರದಿಂದ ಸತ್ತನು. 1893ರ ಜುಲೈಯಲ್ಲಿ ಅವಳನ್ನು ಅವನ ತಮ್ಮ ಜಾರ್ಜನಿಗೆ ಮದುವೆಮಾಡಿದರು. ಕೇಳಿದರೆ ಮೈ ಜುಮ್ಮೆನ್ನುವ ಏರ್ಪಾಡು. ಆದರೆ ಆ ದಂಪತಿಗಳು ಒಬ್ಬರಿಗೊಬ್ಬರು ನಿಷ್ಠರಾಗಿ, ಅನ್ಯೋನ್ಯವಾಗಿ, 1936ರಲ್ಲಿ ಐದನೆಯ ಜಾರ್ಜ್ ದೊರೆ ಸಾಯುವವರೆಗೂ ಬಾಳಿದರು. ಅವನು ಹೆಂಡತಿಯಿಂದ ಬೇಡಿದುದನ್ನು ತಾನೂ ಪಾಲಿಸಿದನು. ತಂದೆ ಏಳನೆಯ ಎಡ್ವರ್ಡನ ನಡತೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುವುದು.

ಎಲ್ಲಕ್ಕಿಂತ ಹೆಚ್ಚಾಗಿ, ಲೇಖಕರು ಮರೆತುದು ಆ ಯುಗಕ್ಕೆ ಹೆಸರಿತ್ತ ರಾಣಿಯನ್ನೇ. ಸೋದರಮಾವ ಲಿಯೊಪೋಲ್ಡನು ಆಲ್ಬರ್ಟನನ್ನು ಅವಳಿಗಾಗಿ ಮೊದಲೇ ಆರಿಸಿಟ್ಟಿದ್ದನೆಂಬುದು ನಿಜ. ಆದರೂ ಅವಳು ನೋಡಿ, ಮೆಚ್ಚಿ, 1839ರ ಅಕ್ಟೋಬರ್ 15ರಂದು ತಾನೇ ಅವನನ್ನು ಕೇಳಿದಳು. ಸಿಂಹಾಸನದಲ್ಲಿದ್ದವಳನ್ನು ಕೇಳುವ ಅಧಿಕಾರ ಅವನಿಗಿರಲಿಲ್ಲ. ಅವಳ ರಾಜ್ಯವಾಗಲಿ ಸೊತ್ತಾಗಲಿ ಗಂಡನಿಗೆ ಹೋಗುವಂತಿರಲಿಲ್ಲ. ಆ ಯುಗದ ಅತ್ಯಂತ ಪ್ರಸಿದ್ಧವಾದ ಅನುರಾಗದ ದಾಂಪತ್ಯವು, ಕೇಳಲೂ ಬೇಡವೆನ್ನಲೂ ಶಕ್ತಿಯಿದ್ದ ಹೆಣ್ಣಿನದಾಗಿದ್ದುದು ಆಕಸ್ಮಿಕವೇ? ಅವಳ ಪ್ರಜೆಗಳಾದ ಹೆಂಗಸರಲ್ಲಿ ಎಷ್ಟು ಮಂದಿಗೆ ಆ ಶಕ್ತಿಯಿತ್ತು?

ಇಷ್ಟು ಕಟುವಾಗಿ ಬರೆಯಲು ನನಗೊಂದು ಕಾರಣವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ಶಿಷ್ಯೆಯೊಬ್ಬಳ ತಂದೆ ಅವಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಅವಳ ಮನಸ್ಸು ಒಂದು ಕಡೆ, ಮನೆಯವರು ನೋಡಿದ ಸಂಬಂಧ ಇನ್ನೊಂದು ಕಡೆ. “ನೀವು ಹೇಳಿದರೆ ಕೇಳುತ್ತಾಳೆ, ಮೇಷ್ಟ್ರೇ” ಎಂದರು. ನಾನು ಹೇಳಿದೆ. ಪಿತೃಋಣ, ಕುಲಧರ್ಮ ಎಂದು ನನಗೆ ಬಂದ ಶ್ಲೋಕಗಳನ್ನೆಲ್ಲ ಹೇಳಿದೆ. ಅವಳು ನಮಸ್ಕರಿಸಿ ಹೋದಳು. ವರನ ಮನೆಯವರನ್ನು ಕಂಡು, ಈ ಹುಡುಗಿಗೆ ನೀವು ಏನು ಕರ್ತವ್ಯಬದ್ಧರು ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ. ಮೂರನೆಯ ವರ್ಷ ಅವಳು ಕೂಸನ್ನೆತ್ತಿಕೊಂಡು ತೌರಿಗೆ ಬಂದಾಗ, ಮಾನ ಹೋಗುವುದೆಂದು ತಂದೆ ಎರಡು ಬಾರಿ ಹಿಂದಕ್ಕೆ ಕಳುಹಿಸಿದರು. ನನ್ನ ಮನೆ ಅದೇ ಬೀದಿಯಲ್ಲಿತ್ತು. ಆಗ ನನ್ನ ಬಾಯಿಗೆ ಒಂದು ಶ್ಲೋಕವೂ ಬರಲಿಲ್ಲ. ಅವಳು ಈಗ ಬೇರೆ ಊರಿನಲ್ಲಿ ಸ್ವಂತ ದುಡಿಮೆಯಿಂದ ಮಗನನ್ನು ಓದಿಸಿ ನೆಲೆಗೊಳಿಸಿದ್ದಾಳೆ. ಯುಗಾದಿಗೆ ತಪ್ಪದೆ ನನಗೆ ಕಾಗದ ಬರೆಯುತ್ತಾಳೆ. ಅದರಲ್ಲಿ ಒಂದು ದೂರಿನ ಮಾತೂ ಇರುವುದಿಲ್ಲ.

ನಮ್ಮ ಲೇಖಕ ಮಹಾಶಯರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುವರೆಂದು ಸಂಪಾದಕರು ತಿಳಿಸಿರುವರು. ಸಂತೋಷ. ಆಂಗ್ಲ ಪ್ರಭುಗಳ ಶಿಸ್ತನ್ನೂ ಸಂಯಮವನ್ನೂ ಕುರಿತು ಅವರು ಎಷ್ಟು ಬೇಕಾದರೂ ಬರೆಯಲಿ. ಆದರೆ ಬ್ಲೆನ್‌ಹೈಮಿಗೆ ಬಂದ ಆ ಹದಿನೆಂಟು ವರ್ಷದ ಹುಡುಗಿಗೆ ಆ ಮನೆಯವರು ಏನು ಋಣಿಯಾಗಿದ್ದರು, ಅದನ್ನು ಯಾರು, ಯಾವ ದಿನ ತೀರಿಸಿದರು ಎಂಬುದನ್ನು ಮೊದಲ ಪುಟದಲ್ಲಿಯೇ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.